ಬಾಯಿ ತೆಗೆದರೆ ಕೇಳುವ ಸದ್ದು

ಆಪರೇಷನ್ ಮುಗಿಸಿ ನನ್ನನ್ನು ವಾರ್ಡಿಗೆ ತಂದು ಹಾಕಿದ ದಿನವೇ ಪಕ್ಕದ ಹಾಸಿಗೆಯವನು ಸಿಸ್ಟರ್ ಮೇಲೆ ಎಗರಾಡುತ್ತಿದ್ದ. ಗೋಡೆ ಗಡಿಯಾರ ತೆಗೆಸಬೇಕಂತೆ. ಅದರ ಟಿಕ್ ಟಿಕ್ ಸದ್ದಿಗೆ ಕಣ್ಣು ಮುಚ್ಚಲು ಆಗುತ್ತಿಲ್ಲವಂತೆ.

"ಈ ರೂಮಲ್ಲಿ ಗಡಿಯಾರ ಎಲ್ಲಿದೆ, ತೋರ್ಸಿ ನೋಡೋಣ," ಅಂದರು ಸಿಸ್ಟರ್.

ಅವನು ಕತ್ತು ಹೊರಳಿಸಿ ನಾಲ್ಕೂ ಗೋಡೆ ನೋಡಿದ. ಬರೀ ಹಸಿರು ಬಣ್ಣ, ಒಂದು ಕಿಟಕಿ, ಕೈ ತೊಳೆಯುವುದು ಹೇಗೆಂದು ತೋರಿಸುವ ಒಂದು ಚಿತ್ರ.

"ಮತ್ತೆ ಇದ್ಯಾವುದು ಸಿಸ್ಟರ್, ಆಗ್ಲಿಂದ ಬಡ್ಕೋತಾ ಇರೋದು?"

ಸಿಸ್ಟರ್ ಅವನ ಎದೆಯ ಬ್ಯಾಂಡೇಜಿನ ಮೇಲೆ ಮೆತ್ತಗೆ ಬೆರಳಿಟ್ಟರು. "ಇದು. ನಿಮ್ದೇ."

ನನಗೆ ನಗು ತಡೆಯಲಾಗಲಿಲ್ಲ. ನಕ್ಕೆ, ನಕ್ಕಿದ್ದಕ್ಕೆ ಸರಿಯಾಗಿಯೇ ಅನುಭವಿಸಿದೆ. ಎದೆಯ ಮೂಳೆಯನ್ನು ಗರಗಸದಲ್ಲಿ ಕೊಯ್ದು, ಒಳಗೆ ಕೆಟ್ಟ ವಾಲ್ವ್ ತೆಗೆದು ಹೊಸದು ಕೂರಿಸಿ, ಮೂಳೆಯನ್ನು ಮತ್ತೆ ತಂತಿಯಲ್ಲಿ ಬಿಗಿದು ಕಟ್ಟಿರುತ್ತಾರೆ. ನಕ್ಕರೆ, ಕೆಮ್ಮಿದರೆ, ಸೀನಿದರೆ ಆ ತಂತಿಗಳೆಲ್ಲ ಒಟ್ಟಿಗೆ ಕಿತ್ತು ಬಂದ ಹಾಗಾಗುತ್ತದೆ. ಅದಕ್ಕೇ ಎಲ್ಲರಿಗೂ ಒಂದೊಂದು ದಿಂಬು ಕೊಟ್ಟು, ಕೆಮ್ಮು ಬಂದರೆ ಎದೆಗೆ ಅವುಚಿಕೊಳ್ಳಿ ಅಂದಿದ್ದರು. ನಾನು ದಿಂಬು ಅವುಚಿಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ನಗುತ್ತಿದ್ದುದನ್ನು ಅವನು ದುರುಗುಟ್ಟಿಕೊಂಡು ನೋಡಿದ.

"ನಗಿ ಅಣ್ಣ, ಚೆನ್ನಾಗಿ ನಗಿ. ನಿಮ್ದೇನು ಬಾಯಿ ಮುಚ್ಕೊಂಡು ಕೂತಿದ್ಯಾ? ಒಂಚೂರು ಕಿವಿ ಕೊಟ್ಟು ಕೇಳ್ಕೊಳ್ಳಿ."

ಕೇಳಿಕೊಂಡೆ. ಅಲ್ಲಿಯವರೆಗೆ ಅದನ್ನು ಮಂಚದ ಪಕ್ಕದ ಯಂತ್ರದ ಸದ್ದು ಅಂದುಕೊಂಡಿದ್ದೆ. ಅದು ನನ್ನ ಒಳಗಿಂದಲೇ ಬರುತ್ತಿತ್ತು. ನಗು ಅಲ್ಲಿಗೇ ನಿಂತಿತು.

ಅವನು ವ್ಯಾನ್ ಓಡಿಸುವವನು. ವಾರ್ಡಿನಲ್ಲಿ ಎಲ್ಲರೂ ಅವನನ್ನು ಡ್ರೈವರ್ ಅಂತಲೇ ಕರೆಯುತ್ತಿದ್ದರು. ನನಗಿಂತ ಹತ್ತು ವರ್ಷಕ್ಕಾದರೂ ಚಿಕ್ಕವನು, ಸುಮ್ಮನೆ ಮಲಗುವ ಜಾತಿಯಲ್ಲ. ನನ್ನ ಕೆಲಸ ಏನೆಂದು ತಿಳಿದ ಮೇಲೆ ನನ್ನನ್ನು ಫ್ರೇಮಣ್ಣ ಅಂತ ಕರೆಯಲು ಶುರು ಮಾಡಿದ. ನನ್ನದು ಫೋಟೋಗಳಿಗೆ ಗಾಜು, ಫ್ರೇಮು ಹಾಕಿಕೊಡುವ ಸಣ್ಣ ಅಂಗಡಿ. ಮದುವೆ ಫೋಟೋ ಬರುತ್ತದೆ, ಮಕ್ಕಳ ಬಹುಮಾನದ ಪತ್ರಗಳು ಬರುತ್ತವೆ, ಆದರೆ ಹೆಚ್ಚಾಗಿ ಬರುವುದು ಸತ್ತವರ ಫೋಟೋ. ಬದುಕಿರುವವರಿಗೆ ಗಾಜು ಹಾಕಿಸಬೇಕೆಂದು ಯಾರಿಗೂ ಅಷ್ಟು ತಟ್ಟನೆ ಹೊಳೆಯುವುದಿಲ್ಲ.

ಗಾಜು ಕೊಯ್ಯುವುದನ್ನು ನಮ್ಮಪ್ಪ ಕಲಿಸಿದ್ದು. ಕಟರ್ ಎಳೆಯುವಾಗ ಗಾಜು ಕೊಡುವ ಸದ್ದಿನಲ್ಲೇ ಗೆರೆ ಸರಿಯಾಗಿ ಬಿತ್ತೋ ಇಲ್ಲವೋ ತಿಳಿಯಬೇಕು. ಆಮೇಲೆ ಮೇಜಿನ ಅಂಚಿಗಿಟ್ಟು ಒಂದೇ ಸಲ ಒತ್ತಬೇಕು. ಹಿಂಜರಿದರೆ ಕೈಗೆ ಬರುತ್ತದೆ. ಹಿಂಜರಿಯದಿದ್ದರೂ ಒಮ್ಮೊಮ್ಮೆ ಬರುತ್ತದೆ. ನನ್ನ ಬೆರಳುಗಳ ತುಂಬ ಹಳೆಯ ಗಾಯದ ಗೆರೆಗಳಿವೆ. ಅವುಗಳಿಗೆ ಎಂದೂ ಬಟ್ಟೆ ಚೂರಿಗಿಂತ ಹೆಚ್ಚಿನ ಔಷಧಿ ಮಾಡಿದವನಲ್ಲ.

ವಾರ್ಡಿಗೆ ಬಂದ ಡಾಕ್ಟರು ರಕ್ತ ತೆಳು ಮಾಡುವ ಮಾತ್ರೆಯ ಬಗ್ಗೆ ಹೇಳಿದರು. ಒಳಗಿರುವ ಲೋಹದ ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟಬಾರದು, ಅದಕ್ಕೆ ದಿನಾ ಸಂಜೆ ಮಾತ್ರೆ, ಜೀವ ಇರುವವರೆಗೆ. ರಕ್ತ ಎಷ್ಟು ತೆಳುವಾಗಿದೆಯೆಂದು ಆಗಾಗ ಬಂದು ನೋಡಿಸಿಕೊಳ್ಳಬೇಕು. ಮೈಗೆ ಗಾಯ ಆಗದ ಹಾಗೆ ನೋಡಿಕೊಳ್ಳಬೇಕು, ಗಾಯ ಆದರೆ ರಕ್ತ ಸುಲಭಕ್ಕೆ ನಿಲ್ಲುವುದಿಲ್ಲ.

"ಏನು ಕೆಲ್ಸ ನಿಮ್ದು?" ಅಂತ ಕೇಳಿದರು.

"ಗಾಜು ಕೊಯ್ಯೋದು ಸಾರ್."

ಡಾಕ್ಟರು ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. "ಬೇರೆ ಏನಾದ್ರೂ ನೋಡ್ಕೊಳ್ಳಿ," ಅಂದು ಮುಂದಿನ ಹಾಸಿಗೆಗೆ ಹೋದರು. ಅವರದೇನೂ ತಪ್ಪಿಲ್ಲ. ಆದರೆ ಐವತ್ತು ದಾಟಿದವನು ಬೇರೆ ಏನನ್ನು ನೋಡಿಕೊಳ್ಳುತ್ತಾನೆ? ಅಂದು ಸಂಜೆ ಗೋಡೆ ಕಡೆ ತಿರುಗಿ ಮಲಗೋಣವೆಂದರೆ ಮಗ್ಗುಲಾಗಿ ಮಲಗುವ ಹಾಗೂ ಇರಲಿಲ್ಲ.

"ಅಳೋದಾದ್ರೆ ದಿಂಬು ಹಿಡ್ಕೊಂಡು ಅಳಿ ಫ್ರೇಮಣ್ಣ," ಅಂದ ಡ್ರೈವರ್. "ಬರೀ ಎದೇಲಿ ಅತ್ರೆ ತಂತಿ ಕಿತ್ಕೊಂಡು ಬರುತ್ತೆ. ನಾನು ನಿನ್ನೆನೇ ಟ್ರಯಲ್ ನೋಡಿದೀನಿ."

ನಮ್ಮ ಗುಂಪಿಗೆ ಮೂರನೆಯವರಾಗಿ ಬಂದವರು ಟೀಚರಮ್ಮ. ಹೆಂಗಸರ ವಾರ್ಡಿನವರು, ರಿಟೈರಾದ ಮೇಡಂ. ಪ್ಲಾಸ್ಟಿಕ್ ಡಬ್ಬಿಯಲ್ಲಿರುವ ಮೂರು ಚೆಂಡುಗಳನ್ನು ಉಸಿರೆಳೆದು ಮೇಲಕ್ಕೆತ್ತುವ ವ್ಯಾಯಾಮಕ್ಕೆ ನಮ್ಮನ್ನೆಲ್ಲ ಒಂದು ರೂಮಿನಲ್ಲಿ ಕೂರಿಸುತ್ತಿದ್ದರು. ಡ್ರೈವರ್ ಒಂದು ಚೆಂಡೆತ್ತಿ ಎರಡೆತ್ತಿದೆ ಅನ್ನುತ್ತಿದ್ದ. ಟೀಚರಮ್ಮ ಬಿಡುತ್ತಿರಲಿಲ್ಲ. "ಮೋಸ. ಮತ್ತೆ ಮೊದಲಿಂದ," ಅನ್ನುತ್ತಿದ್ದರು. ಅವರಿಗೆ ಮನೆಯಿಂದ ನೋಡಲು ಬರುತ್ತಿದ್ದುದು ತಂಗಿ ಒಬ್ಬರೇ. ಆ ತಂಗಿಗೂ ಅಕ್ಕನ ಹತ್ತಿರ ಕೂರಲು ಭಯ, ಎಲ್ಲಿ ಉಚ್ಚಾರಣೆ ತಿದ್ದುತ್ತಾರೋ ಎಂದು.

ಬಾಯಿ ತೆಗೆದರೆ ಸದ್ದು ಜೋರಾಗಿ ಕೇಳುತ್ತದೆಂದು ಕಂಡುಹಿಡಿದವರು ಅವರೇ. ಚೆಂಡು ಎತ್ತಲು ಬಾಯಿ ತೆರೆದ ಡ್ರೈವರನನ್ನು ಹಾಗೇ ತಡೆದರು. "ಮುಚ್ಚಬೇಡಿ. ಹಾಗೇ ಇರಿ." ಎಲ್ಲರೂ ಉಸಿರು ಹಿಡಿದೆವು. ಅವನ ಬಾಯೊಳಗಿಂದ ಟಿಕ್ ಟಿಕ್ ಎಂದು ಸ್ಪಷ್ಟವಾಗಿ, ಪಕ್ಕದ ಮನೆಯಲ್ಲಿ ಯಾರೋ ಉಗುರು ಕತ್ತರಿಸುತ್ತಿರುವ ಹಾಗೆ ಕೇಳಿತು. ಆಮೇಲೆ ನಾನು ಬಾಯಿ ತೆಗೆದೆ, ಟೀಚರಮ್ಮ ಸೆರಗು ಅಡ್ಡ ಹಿಡಿದು ತೆಗೆದರು. ನನ್ನದು ಗಡಸು, ಟೀಚರಮ್ಮನದು ಚುರುಕು, ಡ್ರೈವರನದು ಎಲ್ಲಕ್ಕಿಂತ ಜೋರು. "ನೋಡಿದ್ರಾ, ಹಾರ್ನ್ ಕೂಡ ಕೊಟ್ಟಿದಾರೆ ನಂಗೆ," ಅಂದ. ಮೂವರೂ ದಿಂಬು ಅವುಚಿಕೊಂಡೆವು.

ಅದೇ ನಮ್ಮ ಪದ್ಧತಿಯಾಯಿತು. ಬೆಳಿಗ್ಗೆ ಒಬ್ಬರನ್ನೊಬ್ಬರು ಕಂಡರೆ ಹೇಗಿದ್ದೀರಿ ಅನ್ನುವ ಬದಲು ಬಾಯಿ ತೆಗೀರಿ ಅನ್ನುತ್ತಿದ್ದೆವು. ಹೊರಗಿನವರಿಗೆ ಹುಚ್ಚರ ಹಾಗೆ ಕಂಡಿರಬೇಕು. ಆದರೆ ನೋಡಲು ಬರುವ ನೆಂಟರೆಲ್ಲ ಏನೂ ಆಗಲ್ಲ ಬಿಡಿ, ಈಗೆಲ್ಲ ಇದು ಸಾಮಾನ್ಯ ಅಂತ ಸಮಾಧಾನ ಹೇಳಿ ಹೇಳಿ ತಲೆ ತಿನ್ನುತ್ತಿದ್ದಾಗ, ನಮ್ಮ ಒಳಗೆ ಏನಾಗುತ್ತಿದೆಯೆಂದು ಕಿವಿಗೊಟ್ಟು ಕೇಳಿದವರು ನಾವು ಮೂವರೇ. ನನಗೆ ಅವರಿಬ್ಬರಿಲ್ಲದೆ ಆ ವಾರ್ಡಿನಿಂದ ಎದ್ದು ಬರಲು ಆಗುತ್ತಿರಲಿಲ್ಲ. ಮೊದಲ ಸಲ ಮೆಟ್ಟಿಲು ಹತ್ತಿಸಿದ ದಿನ ಡ್ರೈವರ್ ಹಿಂದಿನಿಂದ ಗೇರ್ ಬದಲಾಯಿಸಿ ಅಣ್ಣ, ಗೇರ್ ಬದಲಾಯಿಸಿ ಅಂತ ಕೂಗುತ್ತಲೇ ಇದ್ದ.

ಮನೆಗೆ ಕಳಿಸುವ ದಿನ ಸಿಸ್ಟರ್ ಮೂವರನ್ನೂ ಒಟ್ಟಿಗೆ ನಿಲ್ಲಿಸಿಕೊಂಡು ಹೇಳಿದರು. ಜ್ವರ ಬಂದರೆ ಬನ್ನಿ. ರಕ್ತ ನಿಲ್ಲದಿದ್ದರೆ ಬನ್ನಿ. ಸದ್ದಿನಲ್ಲಿ ವ್ಯತ್ಯಾಸ ಆದರೆ ತಡ ಮಾಡದೆ ಬನ್ನಿ. ಮೂವರೂ ತಲೆಯಾಡಿಸಿದೆವು. ವ್ಯತ್ಯಾಸ ಎಂದರೆ ಇನ್ನೂ ಜೋರಾಗುವುದು ಅಂತಲೇ ನಮ್ಮ ತಲೆಯಲ್ಲಿ ಕೂತಿತು. ಆ ಸದ್ದಿನಿಂದ ಅಷ್ಟು ಬೇಸತ್ತಿದ್ದವರಿಗೆ ಬೇರೆ ಏನು ಹೊಳೆದೀತು?

ಮನೆಯಲ್ಲಿ ಅದು ಇನ್ನೂ ಜೋರಾಗಿ ಕೇಳಿಸಿತು. ನಮ್ಮದು ಅಂಗಡಿಯ ಹಿಂದೆಯೇ ಎರಡು ಕೋಣೆಯ ಮನೆ. ಹೆಂಡತಿಗೆ ತೊಂದರೆ ಆಗುತ್ತದೇನೋ ಎಂದು ನಾನೇ ಕೇಳಿದೆ.

"ಇಷ್ಟು ವರ್ಷ ನಿಮ್ಮ ಗೊರಕೆ ಕೇಳಿದೀನಿ, ಅದರ ಮುಂದೆ ಇದೇನು ಮಹಾ," ಅಂದಳು.

ಡ್ರೈವರನ ಮನೆಯಲ್ಲಿ ಹಾಗಾಗಲಿಲ್ಲ. ಅವನ ಹೆಂಡತಿ ಬಟ್ಟೆ ಕಾರ್ಖಾನೆಗೆ ಮುಂಜಾನೆ ಪಾಳಿಗೆ ಹೋಗುವವರು. ಆ ಸದ್ದಿನಲ್ಲಿ ನಿದ್ದೆಯಿಲ್ಲದೆ ಯಂತ್ರದ ಮುಂದೆ ತೂಕಡಿಸಿ ಬೈಸಿಕೊಂಡರಂತೆ. ಹಾಸಿಗೆ ಎತ್ತಿಕೊಂಡು ಹೋಗಿ ಹೊರಗಿನ ಕೋಣೆಯಲ್ಲಿ ಮಲಗತೊಡಗಿದರು. ರಕ್ತ ಪರೀಕ್ಷೆಯ ದಿನ ಬೆಂಚಿನ ಮೇಲೆ ಕೂತು ಅವನು ಇದನ್ನು ನಗುನಗುತ್ತಲೇ ಹೇಳಿದ.

"ಅವಳದೇನೂ ತಪ್ಪಿಲ್ಲ ಟೀಚರಮ್ಮ. ನಂಗೇ ನನ್ನ ಜೊತೆ ಮಲ್ಗೋಕಾಗಲ್ಲ, ಪಾಪ, ಅವಳು ಹೇಗೆ ಮಲಗ್ತಾಳೆ?"

ಟೀಚರಮ್ಮ ಏನೂ ತಿದ್ದಲಿಲ್ಲ. ಅವನ ಕೈ ಮೇಲೆ ತಮ್ಮ ಕೈಯಿಟ್ಟು ಕೂತರು.

ಆ ಬೆಂಚು ರಕ್ತ ತೆಗೆಯುವ ಕೋಣೆಯ ಹೊರಗಿತ್ತು. ಒಂದೇ ದಿನ ಬರುವ ಹಾಗೆ ಮೂವರೂ ಮಾತಾಡಿಕೊಂಡಿದ್ದೆವು. ಬಂದ ತಕ್ಷಣ ಸರದಿಯಂತೆ ಬಾಯಿ ತೆಗೆಯುವುದು, ಆಮೇಲೆ ಯಾರ ರಕ್ತ ಎಷ್ಟು ತೆಳು ಎಂದು ಜಗಳವಾಡುವುದು. ಪರೀಕ್ಷೆಗೆ ಹೆದರಿ ಬರುವ ಹೊಸಬರನ್ನು ಡ್ರೈವರ್ ತನ್ನ ಪಕ್ಕ ಕೂರಿಸಿಕೊಂಡು ಹಾರ್ನ್ ಕೇಳಿಸುತ್ತಿದ್ದ.

ನಾನು ಅಂಗಡಿಗೆ ಮರಳಿದೆ. ಅಂದರೆ ಅಂಗಡಿಯಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಗಾಜು ಕೊಯ್ಯಲು ಹೆಂಡತಿ ತನ್ನ ತಮ್ಮನನ್ನು ಕರೆಸಿಕೊಂಡಿದ್ದಳು. ಒಳ್ಳೆಯವನೇ ನನ್ನ ಬಾಮೈದ, ಆದರೆ ಗಾಜಿಗೂ ಅವನಿಗೂ ಹಳೆಯ ದ್ವೇಷ. ಕಟರ್ ಎಳೆಯುವಾಗ ಕಣ್ಣು ಮುಚ್ಚುತ್ತಿದ್ದ. ಎರಡು ಸಲ ಎಳೆಯುತ್ತಿದ್ದ. ಒಂದು ಗಾಜು ಕೊಯ್ಯಲು ಇನ್ನೊಂದನ್ನು ಚೂರು ಮಾಡಿ, "ಭಾವ, ಈ ಗಾಜೇ ಸರಿ ಇಲ್ಲ," ಅನ್ನುತ್ತಿದ್ದ. ಒಂದು ಮಧ್ಯಾಹ್ನ ಅವನು ಊಟಕ್ಕೆ ಹೋದಾಗ ನನಗೆ ತಡೆಯಲಾಗಲಿಲ್ಲ. ಯಾವುದೋ ಅಜ್ಜಿಯ ಫೋಟೋ, ಅಂಗೈಯಗಲದ ಗಾಜು. ಎಳೆದೆ, ಗೆರೆ ಬೆಣ್ಣೆಯಂತೆ ಬಿತ್ತು. ಒತ್ತುವಾಗ ಮಾತ್ರ ಎದೆ ಎಲ್ಲಿ ನೋಯುತ್ತದೋ ಎಂದು ಅರೆಕ್ಷಣ ಹಿಂಜರಿದೆ.

ಹೆಬ್ಬೆರಳಿನ ಬುಡದಲ್ಲಿ ಒಂದು ಸಣ್ಣ ಗೆರೆ, ಅಷ್ಟೆ. ಬಟ್ಟೆ ಸುತ್ತಿದೆ, ಬಟ್ಟೆ ಒದ್ದೆಯಾಯಿತು. ಟವೆಲ್ ಸುತ್ತಿದೆ, ಅದೂ ಒದ್ದೆಯಾಯಿತು. ಮೇಜಿನ ಮೇಲೆ ಬಿದ್ದು, ಅಜ್ಜಿಯ ಫೋಟೋದ ಅಂಚಿಗೆ ತಾಗಿ, ಕೆಳಗೆ ಹರಿಯಿತು. ಊಟಕ್ಕೆ ಕರೆಯಲು ಬಂದ ಹೆಂಡತಿ ಬಾಗಿಲಲ್ಲೇ ಕಲ್ಲಾದಳು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ, ಗಟ್ಟಿಯಾಗಿ ಕಟ್ಟಿ, ಕೈ ಮೇಲೆತ್ತಿಸಿ ಕೂರಿಸಿದರು. ಮನೆಗೆ ಬಂದ ಮೇಲೆ ಅವಳು ನೆಲ ತೊಳೆದಳು, ಆಮೇಲೆ ಕಟರ್ ತೆಗೆದುಕೊಂಡು ಹೋಗಿ ಎಲ್ಲೋ ಬಚ್ಚಿಟ್ಟಳು. ಎಲ್ಲಿಟ್ಟೆ ಎಂದು ಕೇಳುವ ಮುಖ ನನಗಿರಲಿಲ್ಲ.

ಅಂದಿನಿಂದ ನಾನು ಸತ್ತವನ ಹಾಗೇ ಕೂತೆ. ಗಿರಾಕಿಗಳು ಬಾಮೈದನನ್ನು ಮಾತಾಡಿಸುತ್ತಿದ್ದರು. ಕುರ್ಚಿಯಲ್ಲಿದ್ದ ನನ್ನನ್ನು ದಾಟಿ ಗೋಡೆಯ ಮೇಲಿನ ಮಾದರಿ ಫ್ರೇಮುಗಳನ್ನು ನೋಡುತ್ತಿದ್ದರು. ಒಳಗೆ ಅದು ಮಾತ್ರ ಒಂದು ಗಳಿಗೆಯೂ ಬಿಡದೆ ಬಡಿದುಕೊಳ್ಳುತ್ತಿತ್ತು. ಇದು ನಿಂತು ಹೋದರೆ ಸಾಕಪ್ಪಾ ಎಂದು ಎಷ್ಟೋ ಸಲ ಅನ್ನಿಸಿದೆ. ನಿಂತು ಹೋದರೆ ಏನೆಂದು ಗೊತ್ತಿದ್ದೇ ಅನ್ನಿಸಿದೆ.

ಈ ನಡುವೆ ಡ್ರೈವರ್ ಪರೀಕ್ಷೆಗೆ ಬರುವುದನ್ನು ಬಿಟ್ಟ. ಮೊದಲ ಸಲ ಬರದಿದ್ದಾಗ ಕೆಲಸ ಇರಬೇಕು ಅಂದುಕೊಂಡೆವು. ಎರಡನೆಯ ಸಲವೂ ಬರಲಿಲ್ಲ. ಟೀಚರಮ್ಮ ಫೋನ್ ಮಾಡಿದರೆ, "ಲೋಡ್ ಇದೆ ಟೀಚರಮ್ಮ, ಮುಂದಿನ ಸಲ ಗ್ಯಾರಂಟಿ," ಅನ್ನುತ್ತಿದ್ದನಂತೆ. ಮೂರನೆಯ ಸಲದ ಹಿಂದಿನ ದಿನ ಅವನೇ ನನಗೆ ಫೋನ್ ಮಾಡಿದ. ದನಿಯಲ್ಲಿ ಕುಣಿತ ಇತ್ತು.

"ಫ್ರೇಮಣ್ಣ, ನಿಂತೋಯ್ತು!"

"ಏನಯ್ಯಾ?"

"ಸದ್ದು! ಪೂರ್ತಿ ನಿಂತಿಲ್ಲ, ಆದ್ರೆ ನಂಗೇ ಕಿವಿ ಕೊಟ್ಟು ಕೇಳಿದ್ರೆ ಮಾತ್ರ. ಒಗ್ಗೋಯ್ತು ಅನ್ಸುತ್ತೆ. ನನ್ನ ಹೆಂಡ್ತಿ ಹಾಸಿಗೆ ಎತ್ಕೊಂಡು ವಾಪಸ್ ಒಳಗೆ ಬಂದ್ಳು ಅಣ್ಣ. ಎಷ್ಟು ದಿನ ಆಗಿತ್ತು ಗೊತ್ತಾ?"

ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳೇಕೆ ಹೇಳಲಿ, ಸಂತೋಷಕ್ಕಿಂತ ಮೊದಲು ಆದದ್ದು ಅದೇ. ಏನು ಮಾಡಿದೆ ಅಂತ ಕೇಳಿದೆ. ಅವನು ದನಿ ಇಳಿಸಿದ. ಗಾಡಿ ಓಡಿಸುವಾಗ ಎರಡು ಸಲ ಮೂಗಿನಿಂದ ರಕ್ತ ಬಂದು ಶರ್ಟೆಲ್ಲ ಕೆಂಪಾಗಿ, ವ್ಯಾನಿನ ಓನರ್ ಹೆದರಿ, ಇನ್ನೊಂದು ಸಲ ಹೀಗಾದರೆ ಕೀ ಕೊಟ್ಟು ಹೋಗು ಅಂದಿದ್ದನಂತೆ. ಅದಕ್ಕೆ ಮಾತ್ರೆ ತೆಗೆದುಕೊಳ್ಳುವುದನ್ನು ಕಡಿಮೆ ಮಾಡಿದ್ದಾನೆ. ಮರುದಿನ ಕೆಲಸ ಇದ್ದರೆ ಹಿಂದಿನ ಸಂಜೆ ಮಾತ್ರೆ ಇಲ್ಲ. ಕೆಲಸ ಹೆಚ್ಚುಕಮ್ಮಿ ದಿನವೂ ಇದೆ.

"ಮೂಗೂ ಸುಮ್ನಾಯ್ತು, ಎದೆನೂ ಸುಮ್ನಾಯ್ತು. ನೀವೂ ಮಾಡಿ ನೋಡಿ ಅನ್ನಲ್ಲ, ಆದ್ರೆ ನಂಗಂತೂ ಸರಿ ಹೋಯ್ತು. ನಾಳೆ ಬರ್ತೀನಿ. ರಕ್ತ ಕೊಡೋಕಲ್ಲ, ನಿಮ್ಮಿಬ್ರಿಗೂ ಕೇಳ್ಸೋಕೆ."

ಅಂದು ಸಂಜೆ ಹೆಂಡತಿ ಎಂದಿನಂತೆ ಮಾತ್ರೆಯನ್ನೂ ನೀರನ್ನೂ ತಂದುಕೊಟ್ಟಳು. ನೀರು ಕುಡಿದೆ. ಮಾತ್ರೆಯನ್ನು ಶರ್ಟಿನ ಜೇಬಿಗೆ ಹಾಕಿಕೊಂಡೆ. ಒಂದೆರಡು ವಾರ ಹೀಗೇ ಮಾಡಿದರೆ ನನ್ನ ಮೇಜು ನನಗೆ ಸಿಗುತ್ತದೆ, ಕಟರ್ ಎಲ್ಲಿದೆಯೆಂದು ಆಗ ಧೈರ್ಯವಾಗಿ ಕೇಳಬಹುದು ಎಂದು ಲೆಕ್ಕ ಹಾಕಿದೆ. ಬಹಳ ದಿನಗಳ ಮೇಲೆ ಆ ಸಂಜೆ ಮನಸ್ಸು ಹಗುರವಾಗಿತ್ತು.

ಮರುದಿನ ಬೆಳಿಗ್ಗೆ ನಾನೂ ಟೀಚರಮ್ಮನೂ ಬೆಂಚಿನ ಮೇಲೆ ಕೂತಿದ್ದಾಗ ಡ್ರೈವರ್ ಬಂದ. ಮೆಟ್ಟಿಲ ತುದಿಯಲ್ಲಿ ಕಂಬ ಹಿಡಿದು ನಿಂತ. ಅಲ್ಲಿಂದಲೇ ಕೈ ಬೀಸಿದ. ಮೈ ಸ್ವಲ್ಪ ಊದಿತ್ತು, ನಾನು ದಪ್ಪಗಾಗಿದ್ದಾನೆ ಅಂದುಕೊಂಡೆ. ಬೆಂಚಿಗೆ ಬರುವಷ್ಟರಲ್ಲಿ ಏದುಸಿರು ಬಿಡುತ್ತಿದ್ದ.

"ಏನ್ರೀ ಇದು ಉಸಿರಾಟ?" ಅಂದರು ಟೀಚರಮ್ಮ.

"ಗಾಡಿ ಎಲ್ಲೋ ದೂರ ನಿಲ್ಸಿ ಓಡಿ ಬಂದೆ. ಲೋಡ್ ಇದೆ, ಬೇಗ ಹೋಗ್ಬೇಕು. ಅದೆಲ್ಲ ಇರ್ಲಿ, ಕೇಳಿ ಕೇಳಿ." ಅವನು ನಡುವೆ ಕೂತು, ಕಣ್ಣು ಅರಳಿಸಿ, ಬಾಯಿ ತೆರೆದ.

ನಾನು ಒಂದು ಕಡೆಯಿಂದ ಬಗ್ಗಿದೆ, ಟೀಚರಮ್ಮ ಇನ್ನೊಂದು ಕಡೆಯಿಂದ. ಆ ಜೋರು ಹಾರ್ನ್ ಇರಲಿಲ್ಲ. ದೂರದಲ್ಲಿ ಯಾರೋ ಒದ್ದೆ ಬಟ್ಟೆ ಕುಕ್ಕುತ್ತಿರುವ ಹಾಗೆ ಏನೋ ಒಂದು ಮೆತ್ತಗೆ ಬಡಿಯುತ್ತಿತ್ತು. ನಾನು ಅವನ ಬೆನ್ನು ತಟ್ಟಿದೆ. "ಪುಣ್ಯವಂತ ಕಣಯ್ಯ ನೀನು," ಅಂದೆ. ಮನಸಾರೆ ಅಂದೆ.

ಟೀಚರಮ್ಮ ತಲೆ ಎತ್ತಿರಲಿಲ್ಲ. "ಇನ್ನೊಂದ್ಸಲ ಬಾಯಿ ತೆಗೀರಿ," ಅಂದರು.

ಅಷ್ಟರಲ್ಲಿ ರಕ್ತ ತೆಗೆಯುವ ಸಿಸ್ಟರ್ ನನ್ನನ್ನು ಕರೆಯಲು ಬಾಗಿಲಿಗೆ ಬಂದರು. ಡ್ರೈವರ್ ಎದ್ದು ಅವರೆದುರೇ ನಿಂತ. "ಸಿಸ್ಟರ್, ನಮ್ಮ ಹಾರ್ನ್ ಸರಿ ಹೋಯ್ತು ನೋಡಿ," ಎಂದು ಆ ಎನ್ನುವಂತೆ ಬಾಯಿ ತೆರೆದ. ಅವರು ನಗುತ್ತಲೇ ಕಿವಿ ಹತ್ತಿರ ತಂದರು. ನಗು ಹಾಗೇ ಆರಿ ಹೋಯಿತು. ಕೈಯಲ್ಲಿದ್ದ ಹತ್ತಿಯನ್ನು ಬೆಂಚಿನ ಮೇಲೆ ಹಾಕಿ ಅವನ ನಾಡಿ ಹಿಡಿದರು.

"ಮಾತ್ರೆ ತಗೊಂಡು ಎಷ್ಟು ದಿನ ಆಯ್ತು?"

"ಬಿಟ್ಟಿಲ್ಲ ಸಿಸ್ಟರ್. ಒಂದೊಂದ್ಸಲ..."

"ಕೂತ್ಕೊಳ್ಳಿ. ಎದ್ದೇಳ್ಬೇಡಿ." ಅವರು ಒಳಗೆ ತಿರುಗಿ ಗಾಲಿಕುರ್ಚಿಗೆ ಕೂಗಿದರು. "ಸದ್ದು ಕಮ್ಮಿ ಆದ್ರೆ ವಾಲ್ವ್ ಸರಿಯಾಗಿ ತೆರೀತಿಲ್ಲ ಅಂತ. ಅದರ ಮೇಲೆ ರಕ್ತ ಕಟ್ಕೊಂಡಿರಬಹುದು. ವ್ಯತ್ಯಾಸ ಆದ್ರೆ ಬನ್ನಿ ಅಂತ ಹೇಳಿರ್ಲಿಲ್ವಾ ನಿಮ್ಗೆ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಹೇಳಿದ್ದರು.

ಡ್ರೈವರನಿಗೆ ಇನ್ನೂ ಅರ್ಥವಾಗಿರಲಿಲ್ಲವೋ ಅಥವಾ ಆದರೂ ಒಪ್ಪಲು ಮನಸ್ಸಿರಲಿಲ್ಲವೋ. ಗಾಲಿಕುರ್ಚಿಯಲ್ಲಿ ಕೂರಿಸಿದಾಗಲೂ ತಮಾಷೆ ಬಿಡಲಿಲ್ಲ. "ಇದಕ್ಕೆ ಸ್ಟೇರಿಂಗ್ ಎಲ್ಲಿ?" ಅಂದ. ಆಮೇಲೆ ಜೇಬಿನಿಂದ ವ್ಯಾನಿನ ಕೀ ತೆಗೆದು ನನ್ನ ಕೈಗೆ ಹಾಕಿದ. "ಗೇಟಿಗೆ ಅಡ್ಡ ನಿಲ್ಸಿದೀನಿ ಅಣ್ಣ. ಓನರ್ ಬೈತಾನೆ. ಈಗ ಬಂದೆ."

ಬಾಗಿಲು ಮುಚ್ಚಿತು. ದೂರ ನಿಲ್ಲಿಸಿ ಓಡಿ ಬಂದೆ ಅಂದವನು ಗೇಟಿನ ಹತ್ತಿರವೇ ನಿಲ್ಲಿಸಿದ್ದ. ಅಷ್ಟು ದೂರ ನಡೆದದ್ದಕ್ಕೇ ಅವನಿಗೆ ಆ ಪಾಟಿ ಏದುಸಿರು ಬಂದಿತ್ತು.

ಕೀಯನ್ನು ಜೇಬಿಗೆ ಹಾಕಲು ಹೋದಾಗ ಬೆರಳಿಗೆ ಮಾತ್ರೆ ಸಿಕ್ಕಿತು. ತೆಗೆದು ಬಾಯಿಗೆ ಹಾಕಿಕೊಂಡೆ. ಗಂಟಲಲ್ಲಿ ಇಳಿಯಲಿಲ್ಲ. ಟೀಚರಮ್ಮ ತಮ್ಮ ಬಾಟಲಿ ಚಾಚಿದರು.

"ಯಾವಾಗಿಂದ?" ಅಂದರು.

"ನಿನ್ನೆ ಒಂದೇ ದಿನ."

ಅವರು ನನ್ನನ್ನು ನೋಡಿದ ನೋಟವನ್ನು ನಾನು ಮರೆಯುವುದಿಲ್ಲ. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. "ಬಾಯಿ ತೆಗೀರಿ," ಅಂದರು. ಅಲ್ಲೇ, ಜನರೆಲ್ಲ ಓಡಾಡುವ ಕಡೆ, ಬಹಳ ಹೊತ್ತು ಕಿವಿಯಿಟ್ಟು ಕೇಳಿ, "ಇದೆ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಕೈ ಹಿಡಿದು ಸಿಸ್ಟರ್ ಹತ್ತಿರ ಕರೆದುಕೊಂಡು ಹೋಗಿ, ಇವರೂ ಮಾತ್ರೆ ತಪ್ಪಿಸಿದ್ದಾರೆ ಎಂದು ದೂರು ಕೊಟ್ಟು ರಕ್ತ ಕೊಡಿಸಿದರು.

ಡ್ರೈವರನ ಹೆಂಡತಿ ಕಾರ್ಖಾನೆಯಿಂದ ನೇರವಾಗಿ ಬಂದರು. ನೀಲಿ ಮೇಲಂಗಿಯ ತುಂಬ ದಾರದ ಎಳೆಗಳು ಅಂಟಿಕೊಂಡಿದ್ದವು. ಅವರನ್ನು ಅಂದೇ ಮೊದಲ ಸಲ ನೋಡಿದ್ದು. ಡಾಕ್ಟರು ಹೊರಗೆ ಬಂದು, ವಾಲ್ವಿನ ಒಂದು ರೆಕ್ಕೆ ಅಂಟಿಕೊಂಡಿದೆ, ಹೆಪ್ಪು ಕರಗಿಸುವ ಔಷಧಿ ಕೊಡುತ್ತಿದ್ದೇವೆ, ಆಗದಿದ್ದರೆ ಮತ್ತೆ ಎದೆ ತೆರೆಯಬೇಕು ಎಂದು ಹೇಳಿದರು. ಆಕೆ ತಲೆಯಾಡಿಸುತ್ತಾ ಕೇಳಿದರು. ಡಾಕ್ಟರು ಹೋದ ಮೇಲೆ ನನ್ನ ಕಡೆ ತಿರುಗಿದರು.

"ಮೊನ್ನೆಯಿಂದ ಸದ್ದೇ ಇರ್ಲಿಲ್ಲ ಅಣ್ಣ. ನಾನು ಎಷ್ಟು ಚೆನ್ನಾಗಿ ನಿದ್ದೆ ಮಾಡ್ದೆ ಗೊತ್ತಾ? ಅವರ ಪಕ್ಕದಲ್ಲೇ."

ಟೀಚರಮ್ಮ ಅವರನ್ನು ಬೆಂಚಿನ ಮೇಲೆ ಕೂರಿಸಿ, ಮೇಲಂಗಿಯ ಮೇಲಿನ ದಾರದ ಎಳೆಗಳನ್ನು ಒಂದೊಂದಾಗಿ ತೆಗೆಯುತ್ತಾ ಕೂತರು. ಹೊರಗೆ ಗೇಟಿನಲ್ಲಿ ಯಾರೋ ವ್ಯಾನ್ ತೆಗೆಯಿರಿ ಎಂದು ಕೂಗಾಡುತ್ತಿದ್ದರು. ಕೀ ನನ್ನ ಜೇಬಿನಲ್ಲಿತ್ತು. ನನಗೆ ಗಾಡಿ ಓಡಿಸಲು ಬರುವುದಿಲ್ಲ.

ಮರುದಿನ ಬೆಳಿಗ್ಗೆ ಎರಡನೆಯ ಆಪರೇಷನ್ ಆಯಿತು. ಅವನು ಮೇಜಿನಿಂದ ಏಳಲಿಲ್ಲ.

ನಾನು ಅಂಗಡಿಯ ಕುರ್ಚಿಯಲ್ಲಿ ಕೂತುಕೊಂಡೇ ಈ ಸುದ್ದಿ ಕೇಳಿದೆ. ದಿಂಬು ಹುಡುಕಿದೆ. ಎದೆಯ ಮೂಳೆ ಕೂಡಿಕೊಂಡು ಎಷ್ಟೋ ದಿನವಾಗಿತ್ತು, ದಿಂಬಿನ ಅಗತ್ಯ ಇರಲಿಲ್ಲ, ಆದರೂ ಹುಡುಕಿದೆ. ಹೆಂಡತಿ ಒಳಗಿನಿಂದ ಅದನ್ನು ತಂದುಕೊಟ್ಟು ಅಂಗಡಿಯ ಬಾಗಿಲೆಳೆದಳು. ಅವಳಿಗೆ ಆ ಸಂಜೆಯೇ ಜೇಬಿನ ಮಾತ್ರೆಯ ವಿಷಯ ಹೇಳಿಬಿಟ್ಟೆ. ಅವಳು ಒಂದು ದಿನ ಪೂರ್ತಿ ನನ್ನ ಜೊತೆ ಮಾತು ಬಿಟ್ಟಳು. ಅಂದಿನಿಂದ ಮಾತ್ರೆ ಕೊಟ್ಟ ಮೇಲೆ ನಾಲಿಗೆ ಹೊರಚಾಚಿ ತೋರಿಸಬೇಕು. ತೋರಿಸುತ್ತೇನೆ.

ಬೆಂಚಿಗೆ ಈಗ ನಾವಿಬ್ಬರೇ ಹೋಗುತ್ತೇವೆ. ನಡುವೆ ಒಬ್ಬರು ಕೂರುವಷ್ಟು ಜಾಗ ತಾನಾಗಿಯೇ ಉಳಿಯುತ್ತದೆ. ಹೊಸಬರು ಬಂದರೆ ಟೀಚರಮ್ಮ ಅವರನ್ನು ಅಲ್ಲಿ ಕೂರಿಸಿಕೊಂಡು, ಮೊದಲು ಬಾಯಿ ತೆಗೆಸುತ್ತಾರೆ, ಆಮೇಲೆ ಪಾಠ. ಸದ್ದು ಜೋರಾದರೂ ಬನ್ನಿ, ಕಡಿಮೆಯಾದರೂ ಬನ್ನಿ. ಕಡಿಮೆಯಾದರೆ ಓಡಿ ಬನ್ನಿ. ಎದುರಿದ್ದವರು ಎರಡು ಸಲ ಒಪ್ಪಿಸುವವರೆಗೆ ಬಿಡುವುದಿಲ್ಲ. ಮೊನ್ನೆ ಒಬ್ಬ ಹೊಸಬ ಈ ಸದ್ದು ಯಾವಾಗ ನಿಲ್ಲುತ್ತೆ ಮೇಡಂ ಎಂದು ಕೇಳಿದ. ಅವರು ಎದ್ದು ನೀರಿನ ನಲ್ಲಿಯ ಹತ್ತಿರ ಹೋಗಿ ಬೆನ್ನು ಮಾಡಿ ನಿಂತರು. ಉತ್ತರ ನಾನೇ ಹೇಳಬೇಕಾಯಿತು.

ಒಂದು ದಿನ ಅಂಗಡಿಗೆ ಡ್ರೈವರನ ಹೆಂಡತಿ ಬಂದರು. ಪಾಳಿ ಮುಗಿಸಿ ಬಂದಿದ್ದರು. ಚೀಲದಿಂದ ಫೋಟೋ ತೆಗೆದು ಮೇಜಿನ ಮೇಲಿಟ್ಟರು. ವ್ಯಾನಿನ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಯಾರಿಗೋ ದಾರಿ ಬಿಡು ಎಂದು ಕೂಗುತ್ತಿರುವ ಡ್ರೈವರ್. ಬಾಯಿ ತೆರೆದೇ ಇದೆ.

"ಬೇರೆ ಫೋಟೋದಲ್ಲೆಲ್ಲ ಗಂಭೀರವಾಗಿದಾರೆ," ಅಂದರು. "ಅವರಲ್ಲ ಅನ್ಸುತ್ತೆ."

ಬಾಮೈದ ಅಳತೆಪಟ್ಟಿ ತೆಗೆದುಕೊಂಡು ಎದ್ದ. ನಾನು ಅವನನ್ನು ತಡೆದು, ಒಳಬಾಗಿಲಲ್ಲಿ ಕೂತಿದ್ದ ನನ್ನ ಹೆಂಡತಿಯ ಮುಖ ನೋಡಿದೆ. ಅವಳು ಒಂದು ಕ್ಷಣ ಫೋಟೋ ನೋಡಿದಳು, ಒಂದು ಕ್ಷಣ ಆಕೆಯನ್ನು ನೋಡಿದಳು, ಒಳಗೆ ಹೋದಳು. ಅಡುಗೆಮನೆಯಲ್ಲಿ ಡಬ್ಬಿಗಳ ಸದ್ದಾಯಿತು. ಹೊರಗೆ ಬಂದಾಗ ಒಂದು ಕೈಯಲ್ಲಿ ಕಟರ್ ಇತ್ತು, ಇನ್ನೊಂದರಲ್ಲಿ ದಪ್ಪ ತೊಗಲಿನ ಕೈಗವಸುಗಳು. ಯಾವಾಗ ತಂದಿಟ್ಟಿದ್ದಳೋ. ಅವಳೇ ನನ್ನ ಕೈಗಳಿಗೆ ತೊಡಿಸಿ, ಮಣಿಕಟ್ಟಿನಲ್ಲಿ ಬಿಗಿದಳು.

ಕೈಗವಸು ಹಾಕಿಕೊಂಡರೆ ಗಾಜಿನ ಹದ ಬೆರಳಿಗೆ ತಿಳಿಯುವುದಿಲ್ಲ. ಅಳತೆಪಟ್ಟಿ ಒತ್ತಿ ಹಿಡಿದು, ಒಂದೇ ಸಲ ಎಳೆದೆ. ಸದ್ದು ಸರಿಯಾಗಿ ಬಂತು. ಅಂಚಿಗಿಟ್ಟು ಒತ್ತಿದೆ. ಹಿಂಜರಿಯಲಿಲ್ಲ. ಗಾಜು ಎರಡಾಯಿತು. ಒರೆಸಿ, ಫೋಟೋದ ಮೇಲೆ ಕೂರಿಸಿ, ಪಟ್ಟಿ ಸೇರಿಸಿ, ಹಿಂದೆ ಸಣ್ಣ ಮೊಳೆ ಹೊಡೆದೆ. ಡ್ರೈವರ್ ಗಾಜಿನ ಹಿಂದೆ ಹೋದ. ಎಷ್ಟು ಜನರನ್ನು ಹೀಗೆ ಗಾಜಿನ ಹಿಂದೆ ಕೂರಿಸಿದ್ದೇನೋ. ಸುತ್ತಿಗೆಯ ಸದ್ದು ನಿಂತ ಮೇಲೆ ನನ್ನ ಎದೆಯದು ಕೇಳತೊಡಗಿತು.

ಆಕೆ ಫ್ರೇಮ್ ತೆಗೆದುಕೊಳ್ಳಲು ಚಾಚಿದ ಕೈ ಅಲ್ಲೇ ನಿಂತಿತು.

"ಅಣ್ಣ, ನಿಮ್ದಾ ಅದು?"

"ಹೂಂ."

"ಅವರದೂ ಹೀಗೇ ಇತ್ತು." ಆಕೆ ತುಟಿ ಕಚ್ಚಿಕೊಂಡರು. ಸಾಲ ಕೇಳುವವರ ದನಿಯಲ್ಲಿ ಅಂದರು, "ಬಾಯಿ ತೆಗೆದ್ರೆ ಜೋರಾಗಿ ಕೇಳುತ್ತೆ ಅಂತಿದ್ರು. ನಾನು ಒಂದು ದಿನನೂ ಕೇಳ್ಲಿಲ್ಲ, ಕಿವಿಗೆ ಬಟ್ಟೆ ಇಟ್ಕೊಂಡು ಮಲಗ್ತಿದ್ದೆ. ಒಂದ್ಸಲ ತೆಗೀತೀರಾ ಅಣ್ಣ?"

ಬಾಮೈದ ತಲೆ ತಗ್ಗಿಸಿ ಹೊರಗೆ ಹೋದ. ನನ್ನ ಹೆಂಡತಿ ಎದ್ದು ಫ್ಯಾನ್ ಆರಿಸಿದಳು. ಆಕೆ ಫ್ರೇಮನ್ನು ಎದೆಗೆ ಅವುಚಿಕೊಂಡು ನನ್ನ ಹತ್ತಿರ ಬಂದು, ಕಣ್ಣು ಮುಚ್ಚಿ, ಕಿವಿ ಕೊಟ್ಟು ನಿಂತರು. ನಾನು ಬಾಯಿ ತೆರೆದೆ. ಅವರು ಸಾಕು ಅನ್ನುವವರೆಗೆ ಮುಚ್ಚಲಿಲ್ಲ.